ಜ್ವರಕ್ಕೆ ಮುಂಚಿನ ಮಿದುಳು

ಜ್ವರ ಬಿಟ್ಟಿತು, ಮೈ ಚೇತರಿಸಿಕೊಂಡಿತು, ತಲೆ ಮಾತ್ರ ಮೊದಲಿನಂತಿಲ್ಲ ಎಂಬ ದೂರು ಕೋವಿಡ್ ಜೊತೆ ಹುಟ್ಟಿದ್ದಲ್ಲ. 1889ರಲ್ಲಿ ರಷ್ಯಾದ ಕಡೆಯಿಂದ ಯುರೋಪಿಗೆಲ್ಲ ಹಬ್ಬಿದ ಇನ್‌ಫ್ಲುಯೆಂಜಾದ ಬೆನ್ನಿಗೇ ಅದು ಕೇಳಿಬಂದಿತ್ತು. ಜ್ವರ ಇಳಿದ ಮೇಲೆ ಕಾಣಿಸಿಕೊಳ್ಳುವ ನಿದ್ರಾಹೀನತೆ, ಖಿನ್ನತೆ, ಚಿತ್ತಭ್ರಮೆಗಳನ್ನು ಲಂಡನ್ನಿನ ವೈದ್ಯ ಜೂಲಿಯಸ್ ಆಲ್ಟ್‌ಹೌಸ್ ದಾಖಲಿಸಿದ. ಈ ಕಾಯಿಲೆಯ ವಿಷ ನರಮಂಡಲಕ್ಕೇ ಇಳಿಯುತ್ತದೆ ಎಂದು 1890ರ ದಶಕದ ಆರಂಭದಲ್ಲೇ ವಾದಿಸಿದ. 1895ರಲ್ಲಿ ಬ್ರಿಟನ್ನಿನ ಪ್ರಧಾನಿ ಲಾರ್ಡ್ ರೋಸ್‌ಬರಿಗೆ ಇನ್‌ಫ್ಲುಯೆಂಜಾ ತಗುಲಿತು. ಆಮೇಲೆ ವಾರಗಟ್ಟಲೆ ನಿದ್ದೆ ಹತ್ತಲಿಲ್ಲ, ಮನಸ್ಸು ಕುಗ್ಗಿತು. ಪ್ರಧಾನಿಯಾದ್ದರಿಂದ ಆತನ ನಿದ್ದೆಗೇಡು ಇತಿಹಾಸದಲ್ಲಿ ಉಳಿಯಿತು; ಅದೇ ಪಾಡುಪಟ್ಟ ಗುಮಾಸ್ತರದು ಉಳಿಯಲಿಲ್ಲ. ಅಲ್ಲಿಂದ ಇಲ್ಲಿಯವರೆಗಿನ ನೂರಮೂವತ್ತು ಚಿಲ್ಲರೆ ವರ್ಷಗಳನ್ನು ಯಂತ್ರಗಳ ಕಥೆಯಾಗಿ ಹೇಳುವುದು ರೂಢಿ. ಮೊದಲು ಚಾಕು ಮತ್ತು ಸೂಕ್ಷ್ಮದರ್ಶಕ, ಆಮೇಲೆ ಎಕ್ಸ್‌ರೇ, ಸಿಟಿ, ಪೆಟ್, ಎಂಆರ್‌ಐ. ಯಂತ್ರ ಸೂಕ್ಷ್ಮವಾದ ಹಾಗೆಲ್ಲ ಸತ್ಯ ಬಯಲಾಯಿತು ಎನ್ನುವ ಕಥೆ ಅದು. ನನಗೆ ಅದು ಅರ್ಧ ನಿಜ ಎನಿಸುತ್ತದೆ. ಬದು ಒತ್ತುವರಿಯಾಗಿದೆ ಎಂದು ತಕರಾರು ತೆಗೆದವನ ಕೈಯಲ್ಲಿ ಹಳೆಯ ಸರ್ವೆ ನಕ್ಷೆ ಇಲ್ಲದಿದ್ದರೆ, ಇವತ್ತಿನ ಜಮೀನನ್ನು ಎಷ್ಟೇ ಕರಾರುವಾಕ್ಕಾಗಿ ಅಳೆದರೂ ತಕರಾರು ಬಗೆಹರಿಯುವುದಿಲ್ಲ. ವೈರಸ್ ಜ್ವರ ಮಿದುಳಿನಲ್ಲಿ ಏನನ್ನು ಬಿಟ್ಟುಹೋಗುತ್ತದೆ ಎಂಬ ವಾದವೂ ಒಂದು ಶತಮಾನ ನೆನೆಗುದಿಗೆ ಬಿದ್ದದ್ದು ಇದೇ ಕಾರಣಕ್ಕೆ. ರೋಗಿಯ ಮಿದುಳು ಕಾಯಿಲೆಗೆ ಮುಂಚೆ ಹೇಗಿತ್ತು ಎಂಬ ಚಿತ್ರ ಯಾರ ಬಳಿಯೂ ಇರಲಿಲ್ಲ.

ಮೊದಲ ಚಿತ್ರಗಳು ಸತ್ತವರ ಮಿದುಳಿನವು. 1916-17ರ ಚಳಿಗಾಲದಲ್ಲಿ ವಿಯೆನ್ನಾದ ಮನೋರೋಗ ಚಿಕಿತ್ಸಾಲಯಕ್ಕೆ ವಿಚಿತ್ರ ರೋಗಿಗಳು ಬರತೊಡಗಿದರು. ಊಟದ ನಡುವೆಯೇ ನಿದ್ದೆಗೆ ಜಾರುವರು, ಎಬ್ಬಿಸಿದರೆ ಸರಿಯಾಗಿ ಉತ್ತರ ಕೊಡುವರು, ಬಿಟ್ಟರೆ ಮತ್ತೆ ನಿದ್ದೆ. ಕೆಲವರಿಗೆ ತದ್ವಿರುದ್ಧ: ಕಣ್ಣು ಮುಚ್ಚುವುದೇ ಇಲ್ಲ. ಕಾನ್‌ಸ್ಟಾಂಟಿನ್ ಫಾನ್ ಇಕಾನಮೊ ಎಂಬ ವೈದ್ಯ 1917ರ ವಸಂತದಲ್ಲಿ ಇದನ್ನು ಹೊಸ ರೋಗವೆಂದು ಗುರುತಿಸಿ ಎನ್‌ಸೆಫಲೈಟಿಸ್ ಲೆಥಾರ್ಜಿಕಾ ಎಂದು ಹೆಸರಿಟ್ಟ. ಫ್ರಾನ್ಸಿನಲ್ಲಿ ಜಾನ್ ರೆನೆ ಕ್ರುಶೆ ಸೈನಿಕರಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಥದ್ದನ್ನೇ ಕಂಡಿದ್ದ. ಇಕಾನಮೊನ ಹೆಚ್ಚುಗಾರಿಕೆ ಶವಪರೀಕ್ಷೆಯ ಕೋಣೆಯಲ್ಲಿ ಕಾಣುತ್ತದೆ. ನಿದ್ದೆಯಲ್ಲೇ ಮುಳುಗಿ ಸತ್ತವರ ಮಿದುಳಿನಲ್ಲಿ ಹೈಪೊಥಲಾಮಸ್‌ನ ಹಿಂಬದಿ ನಡುಮಿದುಳಿಗೆ ಸೇರುವ ಜಾಗದಲ್ಲಿ ಉರಿಯೂತ; ನಿದ್ದೆಯಿಲ್ಲದೆ ಸತ್ತವರಲ್ಲಿ ಅದರ ಮುಂಬದಿಯಲ್ಲಿ. ನಿದ್ದೆಗೂ ಎಚ್ಚರಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಠಾವುಗಳಿವೆ ಎಂಬ ಆತನ ಊಹೆಯನ್ನು ಮುಂದಿನ ನರವಿಜ್ಞಾನ ಬಹುಮಟ್ಟಿಗೆ ಎತ್ತಿಹಿಡಿಯಿತು. 1919ರಲ್ಲಿ ಪ್ಯಾರಿಸ್ಸಿನಲ್ಲಿ ಕಾನ್‌ಸ್ಟಾಂಟಿನ್ ತ್ರೆತ್ಯಾಕಾಫ್ ತನ್ನ ಪ್ರಬಂಧದಲ್ಲಿ, ಪಾರ್ಕಿನ್ಸನ್ ರೋಗಿಗಳಲ್ಲೂ ಈ ನಿದ್ದೆಯ ರೋಗದಲ್ಲೂ ನಡುಮಿದುಳಿನ ಕಪ್ಪು ಪಟ್ಟಿಯಂಥ ಭಾಗ, ಅಂದರೆ ಸಬ್‌ಸ್ಟಾನ್ಷಿಯಾ ನೈಗ್ರಾ, ಹಾಳಾಗಿರುವುದನ್ನು ತೋರಿಸಿದ. ಬದುಕುಳಿದವರಲ್ಲಿ ಎಷ್ಟೋ ಜನ ತಿಂಗಳು ಅಥವಾ ವರ್ಷಗಳ ಮೇಲೆ ಮರಗಟ್ಟಿದ ಮೈ, ಮೇಲಕ್ಕೆ ಸಿಕ್ಕಿಕೊಂಡ ಕಣ್ಣುಗುಡ್ಡೆ, ಬದಲಾದ ಸ್ವಭಾವಗಳೊಂದಿಗೆ ಆಸ್ಪತ್ರೆಗೆ ಮರಳಿದರು. ಮಕ್ಕಳಲ್ಲಿ ಸಾಧು ಸ್ವಭಾವದವರು ಇದ್ದಕ್ಕಿದ್ದಂತೆ ಕಚ್ಚುವ, ಕದಿಯುವ, ರಾತ್ರಿಯಿಡೀ ಓಡಾಡುವವರಾದರು.

ಸೋಂಕಿಗೂ ಮನಸ್ಸಿಗೂ ನಂಟಿದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೆ ಎನ್ನಿಸಬಹುದು. ಆದರೆ ಯಾವ ಸೋಂಕು? 1918ರ ಮಹಾ ಇನ್‌ಫ್ಲುಯೆಂಜಾವನ್ನು ಬೊಟ್ಟು ಮಾಡಿದವರು ಬಹಳ. ಇಕಾನಮೊನ ರೋಗಿಗಳು ಆ ಮಹಾಮಾರಿಗಿಂತ ಮುಂಚೆಯೇ ಬಿದ್ದಿದ್ದರು ಎಂಬುದು ಮೊದಲ ತೊಡಕು. ಎಂಟು ದಶಕಗಳ ಮೇಲೆ, ಪ್ರಯೋಗಾಲಯಗಳಲ್ಲಿ ಉಳಿದಿದ್ದ ಅಂದಿನ ಮಿದುಳಿನ ತುಣುಕುಗಳಲ್ಲಿ 1918ರ ವೈರಸ್ಸಿನ ಆರ್‌ಎನ್‌ಎ ಹುಡುಕಿದಾಗ ಅದು ಸಿಗಲಿಲ್ಲ ಎಂಬುದು ಎರಡನೆಯದು. ಈ ಕೊಂಡಿ ಇಂದಿಗೂ ಬೆಸೆದಿಲ್ಲ. ಆದ್ದರಿಂದ ನಿದ್ದೆಯ ರೋಗವನ್ನು ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಬರೆಯುವ ಜನಪ್ರಿಯ ಬರಹಗಳನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಅದಕ್ಕಿಂತ ದೊಡ್ಡ ಕೊರತೆ ಶವಪರೀಕ್ಷೆಯ ವಿಧಾನದಲ್ಲೇ ಇತ್ತು. ಚಾಕು ಸತ್ತವರನ್ನು ಮಾತ್ರ ಓದುತ್ತದೆ. ಬಾಸ್ಟನ್ನಿನ ಮನೋರೋಗ ಆಸ್ಪತ್ರೆಯಲ್ಲಿ ಯುವ ವೈದ್ಯ ಕಾರ್ಲ್ ಮೆನಿಂಜರ್ 1918ರ ಜ್ವರದ ಹಿಂದೆಯೇ ಬಂದ ಮಾನಸಿಕ ರೋಗಿಗಳನ್ನು ಕಂಡು 1919ರಲ್ಲಿ ವರದಿ ಪ್ರಕಟಿಸಿದ. ಕೆಲವರದು ಸನ್ನಿ, ಜ್ವರದ ಜೊತೆ ಬಂದು ಹೋಗುವಂಥದ್ದು. ಇನ್ನು ಅನೇಕರಿಗೆ ಅಂದು ಡಿಮೆನ್ಷಿಯಾ ಪ್ರೀಕಾಕ್ಸ್ ಎನ್ನುತ್ತಿದ್ದ, ಇಂದು ಸ್ಕಿಜೋಫ್ರೀನಿಯಾ ಎನ್ನುವ ಹಣೆಪಟ್ಟಿ ಬಿದ್ದಿತ್ತು. ಆ ಕಾಲದ ಪಠ್ಯದ ಪ್ರಕಾರ ಅದು ಬಂದರೆ ಹೋಗುವ ಕಾಯಿಲೆಯಲ್ಲ. 1926ರಲ್ಲಿ ಅದೇ ರೋಗಿಗಳ ಜಾಡು ಹಿಡಿದು ಹೋದ ಮೆನಿಂಜರ್‌ಗೆ ಅವರಲ್ಲಿ ಹೆಚ್ಚಿನವರು ಗುಣವಾಗಿದ್ದು ತಿಳಿಯಿತು. ಇವರ ಮಿದುಳಿನಲ್ಲಿ ಆ ದಿನಗಳಲ್ಲಿ ಏನು ನಡೆದಿತ್ತೆಂದು ಚಾಕು ಹೇಳುವಂತಿರಲಿಲ್ಲ. ಗುಣವಾದವರು ಮೇಜಿನ ಮೇಲೆ ಬರುವುದಿಲ್ಲ. ಹೀಗೆ, ಮಿದುಳಿನ ರೋಗ ಎಂದು ಒಪ್ಪಿಸಿಕೊಳ್ಳಲು ಸಾಯಬೇಕು, ಬದುಕಿದರೆ ಅದು ಮನಸ್ಸಿನ ರೋಗ ಎಂಬ ವಿಭಜನೆ, ಯಾರೂ ಉದ್ದೇಶಪಟ್ಟು ಮಾಡದೆ, ವೈದ್ಯಕೀಯದೊಳಗೆ ನೆಲೆಯೂರಿತು.

ಬದುಕಿರುವವರ ಮಿದುಳನ್ನು ನೋಡುವ ಯತ್ನ ಆ ಹೊತ್ತಿಗೇ ಮೊದಲಾಗಿತ್ತು. ಎಕ್ಸ್‌ರೇಗೆ ತಲೆಬುರುಡೆ ಕಾಣುತ್ತದೆ, ಒಳಗಿನ ಮೆತ್ತನೆಯದು ಕಾಣುವುದಿಲ್ಲ. ಜಾನ್ಸ್ ಹಾಪ್‌ಕಿನ್ಸ್‌ನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1918ರಲ್ಲಿ ಬುರುಡೆಗೆ ರಂಧ್ರ ಕೊರೆದು ಮಿದುಳಿನ ಕುಹರಗಳೊಳಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆದ. ಮರುವರ್ಷ ಬೆನ್ನುಹುರಿಯ ದಾರಿಯಿಂದ ಗಾಳಿ ಏರಿಸುವುದನ್ನು ತೋರಿಸಿಕೊಟ್ಟ. ರೋಗಿಯನ್ನು ಕೂರಿಸಿ, ಸೊಂಟದಲ್ಲಿ ಸೂಜಿ ಚುಚ್ಚಿ, ಮಿದುಳುನೀರನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಅಷ್ಟೇ ಗಾಳಿಯನ್ನು ಒಳಬಿಡುವುದು. ಗಾಳಿ ಮೇಲೇರಿ ಕುಹರಗಳನ್ನು ತುಂಬಿದಾಗ ಅವುಗಳ ಅಂಚು ಫಿಲ್ಮಿನಲ್ಲಿ ಮೂಡುತ್ತದೆ. ಸಿಡಿಯುವ ತಲೆನೋವು, ವಾಂತಿ ಖಂಡಿತ, ಅದೂ ಒಂದು ದಿನಕ್ಕೆ ಮುಗಿಯುತ್ತಿರಲಿಲ್ಲ. ಇಷ್ಟಾದ ಮೇಲೆ ಕಾಣುತ್ತಿದ್ದದ್ದು ಮಿದುಳಲ್ಲ, ಮಿದುಳಿನೊಳಗಿನ ಟೊಳ್ಳಿನ ಆಕಾರ. ಗಡ್ಡೆಯೊಂದು ಆ ಟೊಳ್ಳನ್ನು ಪಕ್ಕಕ್ಕೆ ಒತ್ತಿದ್ದರೆ ತಿಳಿಯುತ್ತಿತ್ತು. ಜ್ವರದ ನಂತರದ ಮಂಕು ತಿಳಿಯುವ ಮಾತೇ ಇರಲಿಲ್ಲ. ಆರೋಗ್ಯವಂತನೊಬ್ಬ, ಮುಂದೆ ಯಾವಾಗಲಾದರೂ ಬೇಕಾದೀತು ಎಂದು ಇದಕ್ಕೆ ಒಪ್ಪಿ ಕೂರುತ್ತಾನೆಯೇ? ಮೊದಲಿನ ಚಿತ್ರ ಎಂಬ ಕಲ್ಪನೆಯೇ ಹುಟ್ಟದ ಹಾಗೆ ಆ ವಿಧಾನದ ನೋವು ನೋಡಿಕೊಂಡಿತು. 1970ರ ದಶಕದಲ್ಲಿ ಸಿಟಿ ಬರುವವರೆಗೆ ಆಸ್ಪತ್ರೆಗಳಲ್ಲಿ ಇದೇ ನಡೆಯುತ್ತಿತ್ತು.

ಚಿತ್ರವಿಲ್ಲದ ಕಾಲದ ತೀರ್ಪು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಪ್ರಕರಣ ಸಾಕು. 1955ರ ಜುಲೈಯಿಂದ ನವೆಂಬರ್‌ವರೆಗೆ ಅಲ್ಲಿನ 292 ಸಿಬ್ಬಂದಿ, ಮುಖ್ಯವಾಗಿ ದಾದಿಯರು, ಜ್ವರ, ಗಂಟಲುನೋವು, ಮೈಕೈ ನೋವು, ಸ್ನಾಯುದೌರ್ಬಲ್ಯ, ಆಮೇಲೆ ತಿಂಗಳುಗಟ್ಟಲೆ ಬಿಡದ ದಣಿವು ಮತ್ತು ಏಕಾಗ್ರತೆಯ ಕೊರತೆಗೆ ಬಿದ್ದರು. ಆಸ್ಪತ್ರೆಯನ್ನೇ ಕೆಲವು ತಿಂಗಳು ಮುಚ್ಚಬೇಕಾಯಿತು. ಯಾವ ವೈರಸ್ಸೂ ಸಿಗಲಿಲ್ಲ. 1970ರಲ್ಲಿ ಮೆಕ್‌ಎವಿಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದು, ಇದು ಸಾಮೂಹಿಕ ಹಿಸ್ಟೀರಿಯಾ ಎಂದರು. ಆಧಾರ: ಬಿದ್ದವರಲ್ಲಿ ಹೆಂಗಸರೇ ಹೆಚ್ಚು, ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವ ಹಾನಿ ಕಡಿಮೆ. ಅವರು ಓದಿದ್ದು ಹಳೆಯ ಕೇಸ್ ಶೀಟುಗಳನ್ನು, ರೋಗಿಗಳನ್ನು ಮಾತಾಡಿಸಿರಲಿಲ್ಲ. ಕಾಣದ್ದು ಇಲ್ಲ ಎಂಬ ತರ್ಕ ಇಲ್ಲಿ ಬೆತ್ತಲೆಯಾಗಿ ನಿಂತಿದೆ. ಅದಕ್ಕೆ ಒಂದು ವರ್ಷ ಮುಂಚೆ, 1969ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಆಲಿವರ್ ಸ್ಯಾಕ್ಸ್ ದಶಕಗಳಿಂದ ಕಲ್ಲಿನಂತೆ ಕೂತಿದ್ದ ನಿದ್ದೆಯ ರೋಗದ ಸಂತ್ರಸ್ತರಿಗೆ ಎಲ್-ಡೋಪಾ ಕೊಟ್ಟು ಅವರು ಎದ್ದು ನಡೆದಾಡುವುದನ್ನು ಕಂಡಿದ್ದ. ಆ ಏಳುವಿಕೆ ಬಹುಪಾಲು ಜನರಲ್ಲಿ ಬಾಳಲಿಲ್ಲ ನಿಜ. ಒಳಗೆ ಮನುಷ್ಯ ಪೂರ್ತಿ ಇದ್ದಾನೆ, ಕೆಟ್ಟದ್ದು ಒಂದು ರಾಸಾಯನಿಕದ ಸರಬರಾಜು ಎಂಬುದನ್ನು ಮಾತ್ರ ಯಾವ ಸ್ಕ್ಯಾನಿನ ನೆರವೂ ಇಲ್ಲದೆ ಅದು ಸಾಬೀತು ಮಾಡಿತು. ಔಷಧಕ್ಕೆ ಮುಂಚೆ ಮತ್ತು ಔಷಧದ ನಂತರ ಒಬ್ಬನೇ ರೋಗಿಯನ್ನು ಹೋಲಿಸಿದ್ದರಿಂದ ಬಂದ ಸಾಕ್ಷ್ಯ ಅದು.

1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ನ ಯಂತ್ರ ಮೊದಲ ರೋಗಿಯ ತಲೆಯನ್ನು ಹೋಳುಹೋಳಾಗಿ ತೋರಿಸಿತು. ಆಮೇಲಿನ ಬೆಳವಣಿಗೆ ಎಲ್ಲರಿಗೂ ಗೊತ್ತಿರುವಂಥದ್ದು. ನಮ್ಮ ವಿಷಯಕ್ಕೆ ತಿರುವು ಸಿಕ್ಕಿದ್ದು ಏಡ್ಸ್‌ನಿಂದ. 1986ರಲ್ಲಿ ನಾವಿಯಾ, ಜಾರ್ಡನ್ ಮತ್ತು ಪ್ರೈಸ್ ಎಂಬ ವೈದ್ಯರು ಏಡ್ಸ್ ರೋಗಿಗಳಲ್ಲಿ ಮರೆವು, ನಿಧಾನಗತಿ, ಉದಾಸೀನಗಳಿಂದ ಕೂಡಿದ ಬೇರೆಯದೇ ಬುದ್ಧಿಮಾಂದ್ಯವನ್ನು ವಿವರಿಸಿದರು. ಅದಕ್ಕೂ ಮುಂಚೆ ಸಾವಿನ ಭಯದಲ್ಲಿರುವ ಯುವಕ ಮಂಕಾದರೆ ಅದು ಸಹಜ ದುಃಖ ಎನ್ನುವವರೇ ಹೆಚ್ಚಿದ್ದರು. ಮರುವರ್ಷ ನ್ಯೂಯಾರ್ಕಿನಲ್ಲಿ ರಾಟನ್‌ಬರ್ಗ್ ತಂಡ ಪೆಟ್ ಸ್ಕ್ಯಾನಿನಲ್ಲಿ ಈ ರೋಗಿಗಳ ಮಿದುಳು ಸಕ್ಕರೆಯನ್ನು ಎಲ್ಲೆಲ್ಲಿ ಎಷ್ಟು ಉರಿಸುತ್ತದೆ ಎಂದು ಅಳೆಯಿತು. ಕಾಯಿಲೆಯ ಆರಂಭದಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಥಲಾಮಸ್‌ಗಳಲ್ಲಿ ಸಕ್ಕರೆಯ ಬಳಕೆ ಮಾಮೂಲಿಗಿಂತ ಜಾಸ್ತಿ. ಕಾಯಿಲೆ ಬಲಿತಂತೆ ಹೊರಪದರದಲ್ಲಿ ಕಡಿಮೆ. ಖಿನ್ನತೆಗೆ ಇಂಥ ನಕ್ಷೆಯಿಲ್ಲ ಎಂದು ವಾದಿಸಬಹುದಿತ್ತು, ಎದುರು ವಾದವೂ ಸಾಧ್ಯವಿತ್ತು. 1989ರಲ್ಲಿ ಬಂದ ಇನ್ನೊಂದು ಸಣ್ಣ ಅಧ್ಯಯನ ನನ್ನ ಕಣ್ಣಿಗೆ ಹೆಚ್ಚು ತೂಕದ್ದು. ಬೆರಳೆಣಿಕೆಯ ರೋಗಿಗಳನ್ನು ಎಜೆಡ್‌ಟಿ ಔಷಧ ಕೊಡುವ ಮುಂಚೆ ಒಮ್ಮೆ, ಕೊಟ್ಟ ಮೇಲೆ ಮತ್ತೆ ಪೆಟ್ ಯಂತ್ರದಲ್ಲಿ ಮಲಗಿಸಿದಾಗ, ಕೆಟ್ಟಿದ್ದ ನಕ್ಷೆ ಸರಿಯತ್ತ ಹೊರಳಿತ್ತು. ವೈರಸ್ಸನ್ನು ತಡೆಯುವ ಔಷಧದಿಂದ ಚಿತ್ರ ಬದಲಾಯಿತೆಂದರೆ ಚಿತ್ರದ ಕೆಡುಕಿಗೆ ವೈರಸ್ ಕಾರಣವಾಗಿತ್ತು ಎನ್ನಲು ದಾರಿಯಾಯಿತು. ರೋಗಿಗಳ ಸಂಖ್ಯೆ ಚಿಕ್ಕದು, ತರ್ಕ ಗಟ್ಟಿ. ಕಾರಣ, ಒಬ್ಬನೇ ಮನುಷ್ಯನ ಎರಡು ಚಿತ್ರ.

ಈ ಪಾಠ ಮುಂದಿನ ಮೂವತ್ತು ವರ್ಷ ಬಹುತೇಕ ಮರೆತುಹೋಯಿತು. ರಾಯಲ್ ಫ್ರೀ ಕಾಯಿಲೆಯ ವಾರಸುದಾರನಂತೆ ಬಂದ ದೀರ್ಘ ದಣಿವಿನ ರೋಗವನ್ನು ಒಂದರ ಹಿಂದೊಂದು ಯಂತ್ರಕ್ಕೆ ಒಡ್ಡಿದರು. ಇಪ್ಪತ್ತು ರೋಗಿಗಳು, ಇಪ್ಪತ್ತು ಆರೋಗ್ಯವಂತರು, ಎರಡು ಗುಂಪಿನ ನಡುವೆ ವ್ಯತ್ಯಾಸ ಸಿಕ್ಕಿತು ಎಂಬ ವರದಿ. ಇನ್ನೊಂದು ಊರಿನಲ್ಲಿ ಅದೇ ಪರೀಕ್ಷೆ, ವ್ಯತ್ಯಾಸವಿಲ್ಲ ಎಂಬ ವರದಿ. 2014ರಲ್ಲಿ ಜಪಾನಿನ ತಂಡವೊಂದು 9 ರೋಗಿಗಳ ಪೆಟ್ ಚಿತ್ರದಲ್ಲಿ ಮಿದುಳಿನ ಉರಿಯೂತದ ಗುರುತು ಕಂಡಿತು, ಜಗತ್ತಿನಾದ್ಯಂತ ರೋಗಿಗಳು ನಿಟ್ಟುಸಿರು ಬಿಟ್ಟರು. ಅದೇ ವಿಧಾನದ ನಂತರದ ಡಚ್ ಅಧ್ಯಯನಕ್ಕೆ ಅಂಥದ್ದು ಕಾಣಲಿಲ್ಲ. ಯಂತ್ರಗಳೇನೂ ಹಿಂದೆಬಿದ್ದಿರಲಿಲ್ಲ. ಮನುಷ್ಯರ ಮಿದುಳುಗಳು ಹುಟ್ಟಿನಿಂದಲೇ ಒಂದಕ್ಕೊಂದು ಬೇರೆ. ಸೋಂಕು ತರುವ ಬದಲಾವಣೆ ಆ ಸಹಜ ವ್ಯತ್ಯಾಸಕ್ಕಿಂತ ಚಿಕ್ಕದಾಗಿದ್ದರೆ ಗುಂಪುಗಳ ಹೋಲಿಕೆ ಒಮ್ಮೆ ಹೌದು ಎನ್ನುತ್ತದೆ, ಒಮ್ಮೆ ಇಲ್ಲ ಎನ್ನುತ್ತದೆ. ಕೋವಿಡ್ ಮೊದಲ ಎರಡು ವರ್ಷಗಳಲ್ಲೂ ಇದೇ ನಾಟಕ ಮರುಪ್ರದರ್ಶನಗೊಂಡಿತು. 2021ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಎರಿಕ್ ಗೆಜ್ ತಂಡ 35 ದೀರ್ಘ ಕೋವಿಡ್ ರೋಗಿಗಳಲ್ಲಿ ವಾಸನೆಗೆ ಸಂಬಂಧಿಸಿದ ಭಾಗ, ನೆನಪಿನ ಭಾಗ, ಮಿದುಳುಕಾಂಡ, ಕಿರುಮಿದುಳುಗಳಲ್ಲಿ ಸಕ್ಕರೆಯ ಬಳಕೆ ತಗ್ಗಿರುವುದನ್ನು ಕಂಡಿತು. ಮರುವರ್ಷ ಜರ್ಮನಿಯ ಫ್ರೈಬುರ್ಗ್‌ನ ತಂಡ ಇಂಥದೇ ದೂರು ಹೊತ್ತು ಬಂದವರನ್ನು ಪರೀಕ್ಷಿಸಿ, ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಎಂದಿತು. ಓದುಗ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದಾದ ಸ್ಥಿತಿ.

ಆ ಸ್ಥಿತಿ ಮುರಿದದ್ದು ಯಾರೂ ಕೋವಿಡ್‌ಗಾಗಿ ಕಟ್ಟದ ವ್ಯವಸ್ಥೆಯೊಂದರಿಂದ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 2006ರಿಂದ 2010ರ ನಡುವೆ 40ರಿಂದ 69 ವರ್ಷದ 5 ಲಕ್ಷ ಜನರನ್ನು ಸೇರಿಸಿಕೊಂಡಿತ್ತು. ಮುಪ್ಪಿನ ಕಾಯಿಲೆಗಳು ಯಾರಿಗೆ ಏಕೆ ಬರುತ್ತವೆ ಎಂದು ದಶಕಗಳ ಕಾಲ ನೋಡುವುದು ಉದ್ದೇಶ. 2014ರಿಂದ ಅವರಲ್ಲಿ ಒಂದು ಲಕ್ಷ ಜನರ ಎಂಆರ್‌ಐ ತೆಗೆಯುವ ಕೆಲಸ ನಡೆದಿತ್ತು. ಎಲ್ಲ ಕೇಂದ್ರಗಳಲ್ಲೂ ಒಂದೇ ಮಾದರಿಯ ಯಂತ್ರ, ಒಂದೇ ಕ್ರಮ. 2020ರಲ್ಲಿ ಮಹಾಮಾರಿ ಬಂದಾಗ, ಕಾಯಿಲೆಗೆ ಮುಂಚಿನ ಮಿದುಳುಗಳ ಚಿತ್ರ ಕಪಾಟಿನಲ್ಲಿ ಸಾವಿರಗಟ್ಟಲೆ ಇತ್ತು. ಅವರಲ್ಲಿ ಕೆಲವರಿಗೆ ಸೋಂಕು ತಗುಲಿಯೇ ತಗುಲುತ್ತದೆ. ಕರೆಸಿ ಎರಡನೆಯ ಬಾರಿ ಮಲಗಿಸಿದರೆ ಆಯಿತು. 2021ರ ಆರಂಭದಲ್ಲಿ ಹಾಗೆಯೇ ಮಾಡಿದರು. ಆಕ್ಸ್‌ಫರ್ಡ್‌ನ ಗ್ವೆನಾಯೆಲ್ ದುವೊ ಮತ್ತು ಸಂಗಡಿಗರು 2022ರ ಮಾರ್ಚ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ 785 ಜನರಿದ್ದರು, ವಯಸ್ಸು 51ರಿಂದ 81. ಎರಡು ಸ್ಕ್ಯಾನುಗಳ ನಡುವೆ 401 ಜನರಿಗೆ ಕೋವಿಡ್ ಆಗಿತ್ತು, 384 ಜನರಿಗೆ ಆಗಿರಲಿಲ್ಲ. ಸ್ಕ್ಯಾನುಗಳ ನಡುವಿನ ಅಂತರ ಸರಾಸರಿ ಮೂರು ವರ್ಷಕ್ಕೂ ಸ್ವಲ್ಪ ಹೆಚ್ಚು. ಸೋಂಕಿಗೂ ಎರಡನೆಯ ಸ್ಕ್ಯಾನಿಗೂ ನಡುವೆ ಸರಾಸರಿ 141 ದಿನ. ವಯಸ್ಸಾದಂತೆ ಎಲ್ಲರ ಮಿದುಳೂ ಸವೆಯುತ್ತದೆ, ಹಾಗಾಗಿ ಎರಡೂ ಗುಂಪಿನಲ್ಲಿ ಸವೆತವಿತ್ತು. ಸೋಂಕಾದವರಲ್ಲಿ ಅದು ಹೆಚ್ಚಿತ್ತು: ಕಣ್ಣುಗೂಡಿನ ಮೇಲ್ಭಾಗದ ಆರ್ಬಿಟೊಫ್ರಾಂಟಲ್ ಪದರದಲ್ಲೂ ನೆನಪಿನ ಭಾಗವಾದ ಹಿಪೊಕ್ಯಾಂಪಸ್ ಪಕ್ಕದ ಮಡಿಕೆಯಲ್ಲೂ ಬೂದು ದ್ರವ್ಯ ತೆಳುವಾಗಿತ್ತು, ವಾಸನೆಯ ಜಾಲಕ್ಕೆ ಸೇರಿದ ಭಾಗಗಳಲ್ಲಿ ಅಂಗಾಂಶದ ಹಾನಿಯ ಗುರುತುಗಳಿದ್ದವು, ಒಟ್ಟು ಮಿದುಳಿನ ಗಾತ್ರವೂ ತುಸು ಕುಗ್ಗಿತ್ತು. ಹೆಚ್ಚುವರಿ ನಷ್ಟ 0.2ರಿಂದ 2 ಶೇಕಡದ ಒಳಗೆ. ನಡುವಯಸ್ಸಿನಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು 0.2 ಶೇಕಡ ಸವೆಯುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟರೆ ಈ ಅಂಕಿಯ ತೂಕ ತಿಳಿಯುತ್ತದೆ. ಅಂಕಿ ಮತ್ತು ಅಕ್ಷರಗಳನ್ನು ಸರದಿಯಲ್ಲಿ ಗೆರೆಯೆಳೆದು ಜೋಡಿಸುವ ಪರೀಕ್ಷೆಯಲ್ಲೂ ಅವರು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಆಕ್ಷೇಪಗಳು ಬಂದವು, ಬರಬೇಕಾದವೇ. ಸೋಂಕು ತಗುಲಿದವರು ಮೊದಲೇ ದುರ್ಬಲರಿದ್ದಿರಬಹುದಲ್ಲ? ಹಿಂದಿನ ಎಲ್ಲ ಅಧ್ಯಯನಗಳ ಕಾಲು ಮುರಿದ ಪ್ರಶ್ನೆ ಇದು. ಇಲ್ಲಿ ಮಾತ್ರ ಉತ್ತರವಿದೆ, ಏಕೆಂದರೆ ಪ್ರತಿಯೊಬ್ಬರನ್ನೂ ಅವರ ಮೊದಲಿನ ಚಿತ್ರದೊಂದಿಗೇ ಹೋಲಿಸಲಾಗಿತ್ತು. ಸಂಶೋಧಕರು ಎತ್ತಿ ತೋರಿಸಿದ ಭಾಗಗಳಲ್ಲಿ ಎರಡು ಗುಂಪುಗಳ ನಡುವೆ ಮೊದಲ ಸ್ಕ್ಯಾನಿನಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಆಸ್ಪತ್ರೆ, ಆಮ್ಲಜನಕ, ಐಸಿಯು ಕಂಡವರ ಕಥೆಯಿರಬೇಕು ಎಂದರೆ, ಆಸ್ಪತ್ರೆ ಸೇರಿದವರು 401ರಲ್ಲಿ 15 ಮಾತ್ರ; ಅವರನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಫಲಿತಾಂಶ ನಿಂತಿತು. ಲಾಕ್‌ಡೌನ್ ಕಾಲದ ಒಂಟಿತನ, ಆತಂಕ, ಮನೆಯೊಳಗಿನ ಜಡತೆ ಕಾರಣವಿರಬಹುದೇ? ಅದು ಸೋಂಕಾಗದ 384 ಜನರ ಪಾಲಿಗೂ ಅಷ್ಟೇ ಇತ್ತು. ಇದಕ್ಕೆ ಬೇರೆ ದಿಕ್ಕಿನ ಸಾಕ್ಷ್ಯವೂ ಸಿಗುತ್ತದೆ: 2021ರಲ್ಲಿ ಆಕ್ಸ್‌ಫರ್ಡ್‌ನ ಮನೋವೈದ್ಯರು 2,36,379 ಕೋವಿಡ್ ರೋಗಿಗಳ ದಾಖಲೆಗಳನ್ನು ತಿರುವಿಹಾಕಿ, ಆರು ತಿಂಗಳೊಳಗೆ ನರ ಅಥವಾ ಮನಸ್ಸಿನ ಕಾಯಿಲೆಯ ದಾಖಲೆಯಾಗುವ ಅಪಾಯ ಇನ್‌ಫ್ಲುಯೆಂಜಾ ರೋಗಿಗಳಿಗಿಂತ 44 ಶೇಕಡ ಹೆಚ್ಚು ಎಂದು ತೋರಿಸಿದ್ದರು.

ಇನ್ನೊಂದು ಆಕ್ಷೇಪ ಇಷ್ಟು ಸುಲಭಕ್ಕೆ ಹೋಗುವುದಿಲ್ಲ. ಮೂಗಿಗೆ ವಾಸನೆ ಹೋದರೆ ವಾಸನೆಯನ್ನು ಓದುವ ಮಿದುಳಿನ ಭಾಗಕ್ಕೆ ಕೆಲಸ ತಪ್ಪುತ್ತದೆ. ಕೆಲಸವಿಲ್ಲದ ಭಾಗ ಸೊರಗುವುದು ಇತರ ಕಾರಣಗಳಿಂದ ವಾಸನೆ ಕಳೆದುಕೊಂಡವರಲ್ಲೂ ಕಂಡದ್ದೇ. ಹಾಗಿದ್ದರೆ ವೈರಸ್ ಮಿದುಳಿಗೆ ನೇರ ಕೈಹಾಕಿರಬೇಕಿಲ್ಲ, ಮೂಗಿನಲ್ಲೇ ಕುಳಿತು ಈ ಬದಲಾವಣೆ ತಂದಿರಬಹುದು. ದುವೊ ತಂಡವೂ ಇದನ್ನು ತಳ್ಳಿಹಾಕಲಿಲ್ಲ. ನನ್ನ ಮಟ್ಟಿಗೆ ಈ ಆಕ್ಷೇಪ ವಾದವನ್ನು ಕೆಡಿಸುವ ಬದಲು ತಿದ್ದುತ್ತದೆ. ಎರಡು ಚಿತ್ರಗಳು ಬದಲಾವಣೆ ಆಯಿತೆಂದು ಸಾಬೀತು ಮಾಡುತ್ತವೆ, ಯಾವ ದಾರಿಯಲ್ಲಿ ಆಯಿತೆಂದು ಹೇಳುವುದಿಲ್ಲ. ವಾಸನೆ ಮರಳಿದವರಲ್ಲಿ ಆ ಭಾಗ ಮತ್ತೆ ತುಂಬಿಕೊಳ್ಳುತ್ತದೆಯೇ ಎಂದು ತಿಳಿಯಲು ಮೂರನೆಯ ಚಿತ್ರವೇ ಬೇಕು. ಅಂದಹಾಗೆ, ಇವರಲ್ಲಿ ಹೆಚ್ಚಿನವರಿಗೆ ಸೋಂಕು ತಗುಲಿದ್ದು 2020-21ರಲ್ಲಿ, ಲಸಿಕೆಗೂ ಡೆಲ್ಟಾ, ಒಮೈಕ್ರಾನ್‌ಗಳಿಗೂ ಮುಂಚೆ. ಇಂದಿನ ನೆಗಡಿಯಂಥ ಕೋವಿಡ್‌ಗೆ ಈ ಅಂಕಿಗಳನ್ನು ಹಾಗೇ ಅಂಟಿಸುವುದು ಸಲ್ಲದು. ಪತ್ರಿಕೆಗಳ ತಲೆಬರಹದಲ್ಲಿ ಮಿದುಳು ಕುಗ್ಗಿಸುವ ಕೋವಿಡ್ ಎಂದು ಬಂದದ್ದೂ ಅತಿರೇಕ. 401 ಜನರ ಸರಾಸರಿ ಅದು. ಅದರೊಳಗೆ ಏನೂ ಆಗದವರೂ ಇದ್ದಾರೆ, ಹೆಚ್ಚು ಆದವರೂ ಇದ್ದಾರೆ; ಒಬ್ಬ ವ್ಯಕ್ತಿಯ ಸ್ಕ್ಯಾನ್ ಮುಂದಿಟ್ಟು ಇವನಿಗೆ ಕೋವಿಡ್ ಆಗಿತ್ತು ಎಂದು ಯಾವ ರೇಡಿಯಾಲಜಿಸ್ಟನೂ ಹೇಳಲಾರ.

ದಾರಿಯ ಹುಡುಕಾಟ ಆಮೇಲೆ ಬೇರೆ ಯಂತ್ರಗಳಿಗೆ ಹೋಯಿತು. ಟೊರಾಂಟೊದಲ್ಲಿ 2023ರಲ್ಲಿ ಜೆಫ್ರಿ ಮೇಯರ್ ತಂಡ, ಕೋವಿಡ್ ನಂತರ ಖಿನ್ನತೆ ಬಿಡದ 20 ಜನರನ್ನು 20 ಆರೋಗ್ಯವಂತರ ಜೊತೆ ಪೆಟ್ ಯಂತ್ರದಲ್ಲಿ ಹೋಲಿಸಿತು. ಮಿದುಳಿನ ಆಳದ ಸ್ಟ್ರಯೇಟಂ ಭಾಗದಲ್ಲಿ ಉರಿಯೂತಕ್ಕೆ ಎಚ್ಚೆತ್ತ ಕೋಶಗಳ ಗುರುತು ಹೆಚ್ಚಿತ್ತು. ಡಬ್ಲಿನ್ನಿನಲ್ಲಿ 2024ರಲ್ಲಿ, ರಕ್ತದಿಂದ ಮಿದುಳಿಗೆ ಬೇಡದ್ದು ಸೋರದಂತೆ ಕಾಯುವ ತಡೆ ದೀರ್ಘ ಕೋವಿಡ್‌ನ ಮಂಕು ಕವಿದವರಲ್ಲಿ ಸಡಿಲವಾಗಿರುವುದನ್ನು, ರಕ್ತನಾಳಕ್ಕೆ ಬಣ್ಣದ್ರವ ಬಿಟ್ಟು ತೆಗೆದ ಎಂಆರ್‌ಐ ತೋರಿಸಿತು. ಇವು ಮಹತ್ವದ ಸುಳಿವುಗಳು, ಮೊದಲಿನ ಚಿತ್ರವಿಲ್ಲದ ಸುಳಿವುಗಳು. ಆ ಖಿನ್ನರಲ್ಲಿ ಕೆಲವರಿಗೆ ಉರಿಯೂತ ಮೊದಲೇ ಇದ್ದಿರಬಹುದೇ ಎಂದು ಮೆಕ್‌ಎವಿಡಿಯ ವಂಶಸ್ಥನೊಬ್ಬ ಕೇಳಿದರೆ ಅವುಗಳಲ್ಲಿ ಉತ್ತರವಿಲ್ಲ. ಅದೇ 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 1,12,964 ಜನರಿಗೆ ಆನ್‌ಲೈನ್ ಪರೀಕ್ಷೆ ಕೊಟ್ಟು, ಸೋಂಕಾಗಿ ಗುಣವಾದವರಲ್ಲೂ ಸೋಂಕಾಗದವರಿಗಿಂತ ಸುಮಾರು 3 ಐಕ್ಯೂ ಅಂಕದಷ್ಟು, ಲಕ್ಷಣ ಉಳಿದವರಲ್ಲಿ ಸುಮಾರು 6 ಅಂಕದಷ್ಟು ಕೊರತೆ ಅಳೆದರು. ಲಕ್ಷ ಜನರಿದ್ದರೂ ಮೊದಲಿನ ಅಂಕಪಟ್ಟಿ ಇಲ್ಲ. ಅದಕ್ಕೆ ಪಕ್ಕದಲ್ಲಿ ಇಡಬೇಕಾದ್ದು ಕೇವಲ 34 ಜನರ ಒಂದು ಪ್ರಯೋಗ. 2021ರಲ್ಲಿ ಆರೋಗ್ಯವಂತ ಯುವ ಸ್ವಯಂಸೇವಕರ ಮೂಗಿಗೆ ಉದ್ದೇಶಪೂರ್ವಕವಾಗಿ ಕೊರೊನಾ ವೈರಸ್ ಹನಿಸಿದರು. ಅದಕ್ಕೆ ಮುಂಚೆ ಅವರ ಬುದ್ಧಿ, ನೆನಪುಗಳನ್ನು ಅಳೆದಿದ್ದರು. 18 ಜನರಿಗೆ ಸೋಂಕು ಹತ್ತಿತು, ಕಾಯಿಲೆ ಹಗುರವಾಗಿತ್ತು. ವರ್ಷದವರೆಗಿನ ಪರೀಕ್ಷೆಗಳಲ್ಲಿ ಅವರು ಸೋಂಕು ಹತ್ತದವರಿಗಿಂತ ಸ್ವಲ್ಪ ಹಿಂದೆ ಉಳಿದರು, ಹಿಂದೆ ಉಳಿದಿದ್ದೇವೆ ಎಂದು ಅವರಿಗೇ ಅನ್ನಿಸಿರಲಿಲ್ಲ. ಪ್ರಯೋಗ ನಡೆದ ಜಾಗ ರಾಯಲ್ ಫ್ರೀ ಆಸ್ಪತ್ರೆ.

ಇಲ್ಲಿ ಗಂಭೀರವಾದ ಒಂದು ಎದುರುವಾದವಿದೆ. ಚಿತ್ರಕ್ಕೆ ಇಷ್ಟು ಪಟ್ಟ ಕಟ್ಟಿದರೆ, ಚಿತ್ರವಿಲ್ಲದ ರೋಗಿಯ ಮಾತಿಗೆ ಬೆಲೆಯೇ ಇಲ್ಲವಾಗುವುದಿಲ್ಲವೇ? ರೋಗಿ ಮಂಕು ಎನ್ನುತ್ತಾಳೆ, ಮಾಮೂಲಿ ಎಂಆರ್‌ಐ ನಾರ್ಮಲ್ ಎಂದು ಬರುತ್ತದೆ, ವೈದ್ಯರು ಟೆನ್ಷನ್ ಮಾಡಿಕೊಳ್ಳಬೇಡಿ ಎಂದು ಕಳಿಸುತ್ತಾರೆ. ಈ ಭಯ ನಿಜವಾದದ್ದೇ. ಆದರೆ ಬಯೋಬ್ಯಾಂಕ್ ಇತಿಹಾಸವನ್ನು ಸರಿಯಾಗಿ ಓದಿದರೆ ಅದು ರೋಗಿಯ ಪರವಾಗಿ ನಿಲ್ಲುತ್ತದೆ. ಆ 401 ಜನರ ಎರಡನೆಯ ಸ್ಕ್ಯಾನನ್ನು ಒಂದೊಂದಾಗಿ ಆಸ್ಪತ್ರೆಗೆ ಒಯ್ದಿದ್ದರೆ ಬಹುಪಾಲಿನ ಮೇಲೆ ನಾರ್ಮಲ್ ಎಂದೇ ಬರೆಯುತ್ತಿದ್ದರು. ಮೊದಲಿನದನ್ನು ಪಕ್ಕಕ್ಕಿಟ್ಟಾಗಲೇ ವ್ಯತ್ಯಾಸ ಎದ್ದುಬಂದದ್ದು. ಒಂಟಿ ಸ್ಕ್ಯಾನಿನ ನಾರ್ಮಲ್ ಎಂಬ ಪದಕ್ಕೆ ರೋಗಿಯ ದೂರನ್ನು ಸುಳ್ಳಾಗಿಸುವ ಅಧಿಕಾರವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ತಿಳಿಯದು.

ನಮ್ಮ ಕಡೆಗೆ ಬಂದರೆ, ವೈರಸ್ ಮಿದುಳಿಗೆ ಏನು ಮಾಡಬಲ್ಲದೆಂದು ಇಲ್ಲಿ ಯಾರಿಗೂ ಪಾಠ ಹೇಳಬೇಕಿಲ್ಲ. ರಾಯಲ್ ಫ್ರೀ ದಾದಿಯರು ಬಿದ್ದ 1955ರಲ್ಲೇ ವೆಲ್ಲೂರಿನಲ್ಲಿ ಜಪಾನಿ ಮೆದುಳುಜ್ವರ ಭಾರತದಲ್ಲಿ ಮೊದಲ ಬಾರಿ ಗುರುತಾಯಿತು. 1977-78ರಲ್ಲಿ ಅದು ಕೋಲಾರ ಜಿಲ್ಲೆಯಲ್ಲಿ ಹಾವಳಿ ಮಾಡಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆಯಲ್ಲಿ, ಉಣುಗು ಕಚ್ಚಿ ಜ್ವರ ಬಂದು ಇಳಿದ ಮೇಲೆ ಮೂರನೆಯ ವಾರದ ಹೊತ್ತಿಗೆ 10ರಿಂದ 20 ಶೇಕಡ ರೋಗಿಗಳಿಗೆ ಎರಡನೆಯ ಜ್ವರ ಬರುತ್ತದೆ. ಅದರ ಜೊತೆ ತೀವ್ರ ತಲೆನೋವು, ನಡುಕ, ಮನಸ್ಸಿನ ಏರುಪೇರು, ಕಣ್ಣು ಮಂಜಾಗುವುದು. ಮೆದುಳುಜ್ವರದ ಚಿತ್ರಣದಲ್ಲಿ ಭಾರತೀಯ ವೈದ್ಯರ ಕೆಲಸ ಮುಂಚೂಣಿಯದು: ಎರಡೂ ಬದಿಯ ಥಲಾಮಸ್‌ಗಳಿಗೆ ಆಗುವ ಗಾಯವನ್ನು ಎಂಆರ್‌ಐನಲ್ಲಿ ವಿವರಿಸಿದರು, ಲಕ್ನೋದ ತಂಡವೊಂದು 1999ರಲ್ಲಿ ಈ ಜ್ವರದ ನಂತರ ಪಾರ್ಕಿನ್ಸನ್ ಲಕ್ಷಣ ಬಂದವರಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಕೆಟ್ಟಿರುವುದನ್ನು ತೋರಿಸಿತು. ತ್ರೆತ್ಯಾಕಾಫ್ ಅದಕ್ಕೆ 80 ವರ್ಷ ಮುಂಚೆ ಚಾಕುವಿನಿಂದ ಕಂಡ ಜಾಗವನ್ನೇ ಇವರು ಬದುಕಿದ್ದವರಲ್ಲಿ ಕಂಡರು. ಗಾಯ ಅಷ್ಟು ದೊಡ್ಡದಿದ್ದಾಗ ಮೊದಲಿನ ಚಿತ್ರ ಬೇಕಾಗುವುದಿಲ್ಲ. ಜ್ವರದಿಂದ ಎದ್ದು, ಮೇಲ್ನೋಟಕ್ಕೆ ಸರಿಯಾಗಿ, ಶಾಲೆಯಲ್ಲಿ ಹಿಂದೆಬೀಳುವ ಹುಡುಗನ ವಿಷಯದಲ್ಲಿ ಬೇಕಾಗುತ್ತದೆ.

ಆ ದಿಕ್ಕಿನಲ್ಲಿ ಕರ್ನಾಟಕದ ಕೈಯಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ಮಾವಿನ ತೋಟಗಳ ರೈತರು, ಕೂಲಿಯವರು, ಓದುಬರಹ ಬಾರದವರ ನೆನಪಿನ ಪರೀಕ್ಷೆ, ರಕ್ತ, ಮಿದುಳಿನ ಎಂಆರ್‌ಐ ಎಲ್ಲವೂ ಅದರಲ್ಲಿ ಸೇರಿದೆ. ಉದ್ದೇಶ ಮುಪ್ಪಿನ ಮರೆವಿನ ಅಧ್ಯಯನ, ವೈರಸ್ ಅಲ್ಲ. ಯುಕೆ ಬಯೋಬ್ಯಾಂಕ್‌ನ ಉದ್ದೇಶವೂ ವೈರಸ್ ಆಗಿರಲಿಲ್ಲ. ಯುರೋಪಿನ, ಓದಿದ, ಅನುಕೂಲಸ್ಥರ ಮಿದುಳುಗಳ ಸರಾಸರಿಯನ್ನು ಇಲ್ಲಿನವರಿಗೆ ಅನ್ವಯಿಸುವ ತಾಪತ್ರಯವೂ ಇದರಿಂದ ತಪ್ಪುತ್ತದೆ. ಮಲೆನಾಡಿನಲ್ಲಿ ಉಣುಗಿನ ಕಾಲ ಪ್ರತಿ ಬೇಸಿಗೆಗೂ ಮುಂಚೆ ಹೇಳಿಯೇ ಬರುತ್ತದೆ, ಬರುವ ತಾಲ್ಲೂಕುಗಳ ಹೆಸರೂ ಆರೋಗ್ಯ ಇಲಾಖೆಗೆ ಗೊತ್ತಿದೆ. ಶ್ರೀನಿವಾಸಪುರದಲ್ಲಿ ಮರೆವಿಗಾಗಿ ಮಾಡಿದ್ದನ್ನು, ಸಾಗರ, ಸೊರಬ, ತೀರ್ಥಹಳ್ಳಿಗಳ ಕೆಲವು ನೂರು ಜನರಲ್ಲಿ ಜ್ವರದ ಋತುವಿಗೆ ಮುಂಚೆ ಮಾಡಲು ಹೊಸ ಯಂತ್ರವೇನೂ ಬೇಕಿಲ್ಲ.